ಗಿಟಾರ್ ನುಡಿಸೋಕೆ ಥಿಯರಿ ಬೇಕೇಬೇಕಾ? ನಿನ್ನೆ ಸ್ಟೇಜ್ ಮೇಲೆ ಮಾನ ಹೋಯ್ತು

ಆರುತಂತಿ
ಎಲ್ರಿಗೂ ನಮಸ್ಕಾರ. ಶಿವಮೊಗ್ಗ ಕಡೆಯವನು. ಮೂರು ವರ್ಷದಿಂದ ಯೂಟ್ಯೂಬ್ ನೋಡ್ಕೊಂಡೇ ಗಿಟಾರ್ ಕಲಿತಿರೋದು, ಮೇಷ್ಟ್ರು ಅಂತ ಯಾರೂ ಇಲ್ಲ. ಓಪನ್ ಕಾರ್ಡ್ಸ್ (ಕಾರ್ಡ್ ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಎಲ್ಲ ಬರುತ್ತೆ, ಸ್ಟ್ರಮ್ಮಿಂಗ್ ಪರವಾಗಿಲ್ಲ ಅಂತಾರೆ, ಒಂದೇ ಬೆರಳು ಅಡ್ಡ ಇಟ್ಟು ತಂತಿಗಳನ್ನ ಒತ್ತೋ ಎಫ್ ಬಾರ್ ಕಾರ್ಡ್ ಮಾತ್ರ ಇವತ್ತಿಗೂ ಒದ್ದಾಟ.

ನಿನ್ನೆ ನಮ್ಮ ಬಡಾವಣೆ ಗಣಪತಿ ಪೆಂಡಾಲ್‌ನಲ್ಲಿ ಪಕ್ಕದ್ಮನೆ ಅಕ್ಕ ಭಾವಗೀತೆ ಹಾಡೋದು, ನಾನು ಗಿಟಾರ್ ಹಿಡಿಯೋದು ಅಂತ ಇತ್ತು. ಜಿ, ಇ ಮೈನರ್, ಸಿ, ಡಿ, ನಾಲ್ಕೇ ಕಾರ್ಡು, ಹದಿನೈದು ದಿನ ಪ್ರಾಕ್ಟೀಸ್ ಮಾಡಿದ್ದೆ. ಒಬ್ಬನೇ ಮಾಡಿದ್ದೆ, ಅದೇ ಎಡವಟ್ಟು. ಸ್ಟೇಜ್ ಹತ್ತಿ ಕೂತ್ಮೇಲೆ ಅಕ್ಕ ನನ್ ಕಡೆ ತಿರುಗಿ "ನಂದು ಕಪ್ಪು ನಾಲ್ಕು ಕಣೋ, ಗೊತ್ತಲ್ವಾ" ಅಂದ್ರು. ನಾನು ಹೂಂ ಅಂತ ತಲೆ ಆಡಿಸಿಬಿಟ್ಟೆ. ಹಾರ್ಮೋನಿಯಂ ನುಡಿಸ್ತಿದ್ದ ತಾತ ಶ್ರುತಿ ಹಿಡಿದ್ರು, ಅಕ್ಕ ಆಲಾಪ ತಗೊಂಡ್ರು, ನಾನು ಝಣ್ ಅಂತ ಜಿ ಹೊಡೆದೆ. ಮುಂದಿನ ಸಾಲಲ್ಲಿ ಕೂತಿದ್ದ ಮಗು ಕೂಡ ಮುಖ ಕಿವುಚ್ತು. ಆಮೇಲೆ ಇಡೀ ಹಾಡು ತಂತಿ ಮೇಲೆ ಕೈ ಇಟ್ಕೊಂಡು ಬರೀ ಟಕ್ ಟಕ್ ಅಂತ ತಾಳ ಹಾಕಿದೆ. ವಿಡಿಯೋ ಬೇರೆ ಬಡಾವಣೆ ವಾಟ್ಸಾಪ್ ಗ್ರೂಪಿಗೆ ಹೋಗಿದೆ.

ಈಗ ತಾತ "ಸ್ವಲ್ಪ ಶಾಸ್ತ್ರ ಕಲಿ ಮಗಾ" ಅಂತಾರೆ. ನನ್ ಫ್ರೆಂಡ್ "ಥಿಯರಿ ಕಲಿತ್ರೆ ಫೀಲ್ ಹೋಗುತ್ತೆ, ದೊಡ್ಡ ದೊಡ್ಡ ಗಿಟಾರಿಸ್ಟ್‌ಗಳಿಗೇ ಥಿಯರಿ ಬರ್ತಿರ್ಲಿಲ್ಲ" ಅಂತಾನೆ. ಯಾರ್ ಮಾತು ಕೇಳ್ಲಿ? ಮೊದಲನೇದಾಗಿ ಈ ಕಪ್ಪು ನಾಲ್ಕು ಅಂದ್ರೇನು?

ಮೌನಿ
ವಿಡಿಯೋ ಹಾಕಿ ಮೊದ್ಲು 😄

ಡಿಸ್ಟಾರ್ಷನ್_ದೊರೆ
ನಿನ್ ಫ್ರೆಂಡ್ ಹೇಳಿದ್ದೇ ಸರಿ ಗುರು. ರಾಕ್ ಗಿಟಾರಿಸ್ಟ್ ಹೆಂಡ್ರಿಕ್ಸ್‌ಗೆ ನೊಟೇಷನ್ (ಬರೆದ ಸ್ವರಲಿಪಿ) ಓದೋಕೆ ಬರ್ತಿರ್ಲಿಲ್ಲ. ಬೀಟಲ್ಸ್ ಬ್ಯಾಂಡಿನ ನಾಲ್ಕೂ ಜನಕ್ಕೆ ಬರ್ತಿರ್ಲಿಲ್ಲ, ಅದನ್ನ ಪಾಲ್ ಮೆಕಾರ್ಟ್ನಿನೇ ಹೇಳ್ಕೊಂಡಿದಾರೆ. ಅವರಿಗೆ ಬೇಡದೇ ಇದ್ದಿದ್ದು ನಮಗ್ಯಾಕೆ? ಕಿವಿ ಬಳಸು, ಬೆರಳು ಬಳಸು, ಅಷ್ಟೇ. ಥಿಯರಿ ಕಲಿತವರು ಸೋಲೋ ನುಡಿಸಿದ್ರೆ ಲೆಕ್ಕದ ಪರೀಕ್ಷೆ ಬರೆದಂಗಿರುತ್ತೆ.

ಕಡಲತಡಿ
ಕಪ್ಪು ನಾಲ್ಕು ಅಂದ್ರೆ ಎಂತ ಬ್ರಹ್ಮವಿದ್ಯೆ ಅಲ್ಲ ಮಾರಾಯ್ರೆ. ನಮ್ಮ ಕಡೆ ಯಕ್ಷಗಾನದ ಭಾಗವತರು ದಿನಾ ಹೇಳುದು ಇದೇ ಲೆಕ್ಕ, ಬಿಳಿ ನಾಲ್ಕು, ಕಪ್ಪು ಎರಡು ಅಂತ. ಹಾರ್ಮೋನಿಯಂ ಎದುರಿಗೆ ಇಟ್ಟುಕೊಂಡು ನೋಡಿ. ಬಿಳಿ ಮನೆಗಳಲ್ಲಿ ಸಿ ಒಂದು, ಡಿ ಎರಡು, ಇ ಮೂರು, ಎಫ್ ನಾಲ್ಕು, ಜಿ ಐದು, ಹಾಗೆ ಹೋಗ್ತದೆ. ಕಪ್ಪು ಮನೆ ಐದೇ ಉಂಟು, ಸಿ ಶಾರ್ಪ್ ಒಂದು, ಡಿ ಶಾರ್ಪ್ ಎರಡು, ಎಫ್ ಶಾರ್ಪ್ ಮೂರು, ಜಿ ಶಾರ್ಪ್ ನಾಲ್ಕು, ಎ ಶಾರ್ಪ್ ಐದು. ನಿಮ್ಮ ಅಕ್ಕ ಹಾಡಿದ್ದು ಜಿ ಶಾರ್ಪಿನಲ್ಲಿ, ನೀವು ಬಾರಿಸಿದ್ದು ಜಿ. ಪಕ್ಕದ ಮನೆಯೇ, ಹಾಗಾಗಿಯೇ ಅಷ್ಟು ಕರ್ಕಶ ಆದದ್ದು. ದೂರದ ಸ್ವರ ಆಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಬಾಸ್_ಬಸ್ಯಾ
ಏ ತಮ್ಮಾ, ಒಂದನೇ ಮನಿಗೆ (ಫ್ರೆಟ್ಟಿಗೆ) ಕೇಪೋ, ಅಂದ್ರ ಎಲ್ಲಾ ತಂತಿ ಒತ್ತಿ ಹಿಡಿಯೋ ಕ್ಲಿಪ್ಪು, ಹಾಕಿದ್ರ ಮುಗದಹೋಗ್ತಿತ್ತಲ್ಲೋ!! ಅದೇ ಜಿ, ಅದೇ ಇ ಮೈನರ್, ಬೆರಳು ಸೈತ ಬದ್ಲಿ ಮಾಡೋದು ಬ್ಯಾಡಾಗಿತ್ತು 😂😂

ಆರುತಂತಿ
ಅಯ್ಯೋ ದೇವ್ರೇ. ಕೇಪೋ ಬ್ಯಾಗಲ್ಲೇ ಇತ್ತು ಅಣ್ಣ. ಮುನ್ನೂರು ರೂಪಾಯಿ ಕೊಟ್ಟು ತಗೊಂಡಿದ್ದು.

ಬಾಸ್_ಬಸ್ಯಾ
ಹಂಗಾರ ನಿನ್ನ ಪ್ರಶ್ನೆಕ್ಕ ಉತ್ತರ ಅಲ್ಲೇ ಬ್ಯಾಗಿನ್ಯಾಗ ಐತಿ ನೋಡು. ನಾ ಹುಬ್ಬಳ್ಯಾಗ ಹದಿನೆಂಟು ವರ್ಷ ಆರ್ಕೆಸ್ಟ್ರಾದಾಗ ಬಾಸ್ ಹಿಡದೇನಿ. ರಾತ್ರಿ ಹನ್ನೊಂದಕ್ಕ ಸಿಂಗರ್ ಬಂದು "ಅಣ್ಣಾ ಇವತ್ತ ಗಂಟಲಾ ಸರಿ ಇಲ್ಲ, ಅರ್ಧ ಇಳಸ್ರಿ" ಅಂತಾನ. ಆವಾಗ ಯಾರೂ ಪುಸ್ತಕ ತಗಿಯಂಗಿಲ್ಲ. ನಮ್ಮ ಕೀಬೋರ್ಡಿನಂವ ಬೆರಳ ತೋರಸ್ತಿದ್ದ, ನಾಕು ಬೆರಳಂದ್ರ ನಾಕನೇ ಕಾರ್ಡು, ಐದಂದ್ರ ಐದನೇದು. ಹಾಡು ಯಾವ ಶ್ರುತಿಗಿದ್ರೂ ಬೆರಳ ಅವೇ. ಜಿ-ಕ್ಕ ಒಂದು ಅಂದ್ರ ಸಿ ನಾಕು, ಡಿ ಐದು, ಇ ಮೈನರ್ ಆರು. ನೀ ಹದಿನೈದ ದಿನ ಪ್ರಾಕ್ಟೀಸ್ ಮಾಡಿದ್ದು ಒಂದು-ಆರು-ನಾಕು-ಐದು. ಅದರ ಹೆಸರು ನಿನಗ ಗೊತ್ತಿರಲಿಲ್ಲ ಅಷ್ಟ. ಎಂಟನೇತ್ತೆ ಫೇಲ್ ಆದ ನಮ್ಮ ರಿದಂ ಗಿಟಾರಿನಂವಗೂ ಇದು ಬರತಿತ್ತು. ಥಿಯರಿ ಅಂತ ಕರೀರಿ ಬಿಡ್ರಿ, ನಮಗದು ಹೊಟ್ಟಿಪಾಡು.

ಸರಳೆವರಸೆ
ಬಸ್ಯಾ ಅವರು ಹೇಳಿದ್ದು ನೂರಕ್ಕೆ ನೂರು. @ಡಿಸ್ಟಾರ್ಷನ್_ದೊರೆ, ನೀವು ಎರಡು ವಿಷಯ ಕಲಸ್ತಿದೀರ. ನೊಟೇಷನ್ ಓದೋದು ಬೇರೆ, ಥಿಯರಿ ತಿಳಿಯೋದು ಬೇರೆ. ನನ್ನ ಹತ್ರ ಹಾಡು ಕಲಿಯೋಕೆ ಬರೋ ಎಷ್ಟೋ ಮಕ್ಕಳಿಗೆ ಇನ್ನೂ ನೆಟ್ಟಗೆ ಅಕ್ಷರ ಓದೋಕೆ ಬರಲ್ಲ, ಆದ್ರೆ ಗಾಂಧಾರ (ಗ) ಜಾರಿದ್ರೆ ತಕ್ಷಣ ಗೊತ್ತಾಗುತ್ತೆ. ಅದು ಥಿಯರಿ ಅಲ್ದೆ ಮತ್ತೇನು.

ಟೊರಾಂಟೊ_ತುಂಗಾ
ಬೀಟಲ್ಸ್ ಉದಾಹರಣೆ ಕೊಡೋರೆಲ್ಲ ಅರ್ಧ ಕಥೆ ಹೇಳ್ತಾರೆ. ಮೆಕಾರ್ಟ್ನಿ ಅಪ್ಪನೇ ಜಾಸ್ ಬ್ಯಾಂಡ್ ನಡೆಸ್ತಿದ್ದವರು, ಮನೇಲಿ ಪಿಯಾನೋ ಇತ್ತು. ಹ್ಯಾಂಬರ್ಗ್ ಕ್ಲಬ್‌ಗಳಲ್ಲಿ ರಾತ್ರಿಯಿಡೀ ಗಂಟೆಗಟ್ಟಲೆ ನುಡಿಸಿದಾರೆ. ತಂತಿ ವಾದ್ಯದ ಭಾಗ ಬರೆಯೋ ಹೊತ್ತು ಬಂದಾಗ ಪಕ್ಕದಲ್ಲಿ ಅವರ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಇದ್ರು, ಅವರು ಲಂಡನ್ನಿನ ಸಂಗೀತ ಶಾಲೆ ಗಿಲ್ಡ್‌ಹಾಲ್‌ನಲ್ಲಿ ಓದಿದವರು. ನಮ್ಮ ಪಕ್ಕ ಯಾರಿದಾರೆ? ಆಟೋಪ್ಲೇ ಇದೆ.

ಡಿಸ್ಟಾರ್ಷನ್_ದೊರೆ
ಸರಿ ಬಿಡಿ, ವೆಸ್ ಮಾಂಟ್‌ಗೊಮೆರಿ? ಜಾಸ್ ಗಿಟಾರ್ ದೇವರು, ಅವರಿಗೂ ಓದೋಕೆ ಬರ್ತಿರ್ಲಿಲ್ಲ.

ಟೊರಾಂಟೊ_ತುಂಗಾ
ಓದೋಕೆ ಬರ್ತಿರ್ಲಿಲ್ಲ ಅಂತ ನೀವೇ ಹೇಳಿದ್ರಿ. ಗೊತ್ತಿರ್ಲಿಲ್ಲ ಅಂತ ಅಲ್ವಲ್ಲ. ಅವರ ಕಾರ್ಡ್ ಸೋಲೋ ಕೇಳಿ ಇವರಿಗೆ ಹಾರ್ಮನಿ ಗೊತ್ತಿಲ್ಲ ಅಂತ ಹೇಳೋಕೆ ಬಾಯಿ ಬರುತ್ತಾ ನಿಮಗೆ?

ಡಿಸ್ಟಾರ್ಷನ್_ದೊರೆ
ನಾನು ಹೇಳೋದೂ ಅದೇ!! ಕಿವಿಯಿಂದ ಬಂದಿದ್ದು ಅದು, ಪುಸ್ತಕದಿಂದ ಅಲ್ಲ.

ಮೌನಿ
ಇಬ್ರೂ ಒಂದೇ ಹೇಳ್ಕೊಂಡು ಜಗಳ ಆಡ್ತಿದೀರ

ಇಂಜಿನಿಯರ್_ಭಟ್ಟ
ಆರುತಂತಿ ಅವರೇ, ನಿಮಗೆ ಬೇಕಾಗಿರೋ ಥಿಯರಿ ಒಂದು ಭಾನುವಾರದ ಕೆಲಸ. ಫ್ರೆಟ್ ಅಂದ್ರೆ ಅರ್ಧ ಸ್ವರ, ಒಂದು ಮನೆ ಮುಂದಕ್ಕೆ ಹೋದ್ರೆ ಕಂಪನ ಸುಮಾರು 1.0595 ಪಟ್ಟು ಜಾಸ್ತಿ ಆಗುತ್ತೆ, 12 ಸಲ ಹಾಗೆ ಗುಣಿಸಿದ್ರೆ ಸರಿಯಾಗಿ ಎರಡು ಪಟ್ಟು, ಅಂದ್ರೆ ಮೇಲಿನ ಷಡ್ಜ. ಅದಕ್ಕೇ 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರೋದು, ಟೇಪ್ ಹಿಡಿದು ಅಳೆದು ನೋಡಿ ಬೇಕಾದ್ರೆ. ಮೇಜರ್ ಸ್ಕೇಲ್ ಅಂದ್ರೆ ಒಂದೇ ತಂತಿ ಮೇಲೆ ಎರಡು ಮನೆ, ಎರಡು ಮನೆ, ಒಂದು ಮನೆ, ಎರಡು, ಎರಡು, ಎರಡು, ಒಂದು. ಯಾವ ಮನೆಯಿಂದ ಬೇಕಾದ್ರೂ ಶುರು ಮಾಡಿ. ಹಾಗೆ ಬಂದ ಏಳು ಸ್ವರದ ಮೇಲೆ ಕಾರ್ಡ್ ಕಟ್ಟಿದ್ರೆ 1, 4, 5 ಮೇಜರ್, 2, 3, 6 ಮೈನರ್, 7 ಒಂದು ತರಲೆ, ಅದನ್ನ ಸದ್ಯಕ್ಕೆ ಬಿಡಿ. ಮುಗೀತು. ಇನ್ನೊಂದು ವಿಷಯ, ಇ-ಗೂ ಎಫ್-ಗೂ ಮಧ್ಯೆ, ಬಿ-ಗೂ ಸಿ-ಗೂ ಮಧ್ಯೆ ಕಪ್ಪು ಮನೆ ಇಲ್ಲ, ಒಂದೇ ಫ್ರೆಟ್ ದೂರ. ಗಿಟಾರಲ್ಲಿ ಕಪ್ಪು ಬಿಳಿ ಕಾಣಿಸಲ್ಲ, ಎಲ್ಲ ಮನೆನೂ ಒಂದೇ ಥರ ಇರುತ್ತೆ, ನಾವು ದಡ್ಡರಾಗಿ ಉಳಿಯೋಕೆ ಅದೇ ಕಾರಣ. ಪಿಯಾನೋ ಹುಡುಗರಿಗೆ ಈ ಕಷ್ಟ ಇಲ್ಲ.

ಆರುತಂತಿ
ಬರ್ಕೊಂಡೆ. ಆದ್ರೆ ಒಂದು ಡೌಟು. ಇ ಕಾರ್ಡ್ ಶೇಪ್‌ನ ಹಾಗೇ ಪಕ್ಕದ ತಂತಿಗೆ ಜರುಗಿಸಿದ್ರೆ ಎ ಕಾರ್ಡ್ ಆಗ್ಬೇಕಲ್ವಾ? ಯಾಕೆ ಶೇಪ್ ಬೇರೆ ಆಗೋದು?

ಇಂಜಿನಿಯರ್_ಭಟ್ಟ
ಒಳ್ಳೇ ಪ್ರಶ್ನೆ. ಇ-ಎ, ಎ-ಡಿ, ಡಿ-ಜಿ ತಂತಿಗಳ ಮಧ್ಯೆ ಐದೈದು ಮನೆ ಅಂತರ, ಆದ್ರೆ ಜಿ-ಗೂ ಬಿ-ಗೂ ಮಧ್ಯೆ ನಾಲ್ಕೇ. ಐದನೇ ಫ್ರೆಟ್ ಹಿಡಿದು ಟ್ಯೂನ್ ಮಾಡುವಾಗ ಆ ಒಂದು ತಂತಿಗೆ ಮಾತ್ರ ನಾಲ್ಕನೇ ಫ್ರೆಟ್ ಹಿಡೀತೀರಲ್ಲ, ಅದೇ. ಶೇಪ್ ಆ ಗಡಿ ದಾಟಿದಾಗೆಲ್ಲ ಒಂದು ಬೆರಳು ಒಂದು ಮನೆ ಮುಂದೆ ಹೋಗ್ಬೇಕು.

ಆರುತಂತಿ
ಮೂರು ವರ್ಷ ನಾಲ್ಕನೇ ಫ್ರೆಟ್ ಹಿಡಿದು ಟ್ಯೂನ್ ಮಾಡಿದೀನಿ, ಯಾಕೆ ಅಂತ ಒಂದಿನಾನೂ ಕೇಳ್ಕೊಂಡಿಲ್ಲ 🤦

ಕೆರೆದಂಡೆ
ನಾನು ಸಂಗೀತದ ಮನೆಯಿಂದ ಬಂದವನಲ್ಲ, ಆದ್ರೂ ಒಂದು ಮಾತು. ಚಿಕ್ಕಂದಿನಲ್ಲಿ ನಮ್ಮನೇಲಿ ಅಕ್ಕನ್ನ ಮಾತ್ರ ಕರ್ನಾಟಕ ಸಂಗೀತಕ್ಕೆ ಹಾಕಿದ್ರು, ನನ್ನ ಟ್ಯೂಷನ್‌ಗೆ. ಪಕ್ಕದ ರೂಮಲ್ಲಿ ಕೂತು ಕೇಳಿದ ಸರಿಗಮ ನಲವತ್ತನೇ ವಯಸ್ಸಲ್ಲಿ ಗಿಟಾರ್ ಹಿಡಿದಾಗ ಕೆಲಸಕ್ಕೆ ಬಂತು. ಮೇಜರ್ ಸ್ಕೇಲ್ ಅಂದ್ರೆ ನಮ್ಮ ಶಂಕರಾಭರಣ, ಮೂಲ ರಾಗಗಳ ಪಟ್ಟೀಲಿ 28ನೇ ಮೇಳ. ಅಷ್ಟು ಗೊತ್ತಾಗಿದ್ದೇ ತಡ ಭಯ ಹೋಯ್ತು. ನಾವು ಥಿಯರಿ ಇಲ್ಲದ ಊರಿನವರಲ್ಲ ಸ್ವಾಮಿ, ಇಂಗ್ಲಿಷ್ ಹೆಸರು ಕೇಳಿ ಹೆದರ್ತೀವಿ ಅಷ್ಟೇ.

ಸರಳೆವರಸೆ
29ನೇ ಮೇಳ. 28 ಹರಿಕಾಂಭೋಜಿ 🙂 ನಿಷಾದ ಒಂದು ಮನೆ ಕೆಳಗೆ ಬಂದ್ರೆ ಹರಿಕಾಂಭೋಜಿ, ಗಿಟಾರಿನವರು ಮಿಕ್ಸೊಲಿಡಿಯನ್ ಅಂತಾರಲ್ಲ ಅದು. ನ್ಯಾಚುರಲ್ ಮೈನರ್ ನಮ್ಮ ನಠಭೈರವಿ, 20. ಹಾರ್ಮೋನಿಕ್ ಮೈನರ್ ಕೀರವಾಣಿ, 21. ಮೇಜರ್ ಪೆಂಟಾಟೋನಿಕ್ (ಐದು ಸ್ವರದ ಸ್ಕೇಲ್) ಅಂತ ನೀವೆಲ್ಲ ಉಜ್ಜೋದು ಮೋಹನದ ಸ್ವರಗಳು, ಮೈನರ್ ಪೆಂಟಾಟೋನಿಕ್ ಶುದ್ಧ ಧನ್ಯಾಸಿದು.

ಆದ್ರೆ ದಯವಿಟ್ಟು ಯಾರೂ "ಮೋಹನ ಅಂದ್ರೆ ಮೇಜರ್ ಪೆಂಟಾಟೋನಿಕ್" ಅಂತ ಬರೀಬೇಡಿ. ಸ್ವರ ಅದೇ ಇರಬಹುದು, ರಾಗ ಅಂದ್ರೆ ಬರೀ ಸ್ವರದ ಪಟ್ಟಿ ಅಲ್ಲ. ಗಮಕ (ಸ್ವರದ ಓಲಾಟ) ಇಲ್ಲದ ತೋಡಿ ತೋಡಿನೇ ಅಲ್ಲ. ಗಿಟಾರಿನ ಗಾಂಧಾರ ನಮ್ಮ ಕಿವಿಗೆ ಒಂಚೂರು ಏರಿದ ಹಾಗೇ ಕೇಳುತ್ತೆ, ನಿಜ ಹೇಳ್ಬೇಕು ಅಂದ್ರೆ.

ಇಂಜಿನಿಯರ್_ಭಟ್ಟ
ಏರಿರೋದು ನಿಜ ಮೇಡಂ. ತಂಬೂರಿಯಲ್ಲಿ ತಾನಾಗೇ ಕೇಳೋ ಗಾಂಧಾರ 5/4 ಅನುಪಾತ, 386 ಸೆಂಟ್ಸ್ (ಒಂದು ಫ್ರೆಟ್ಟಿಗೆ ನೂರು ಸೆಂಟ್ಸ್ ಲೆಕ್ಕ). ಗಿಟಾರಲ್ಲಿ 400. ಹದಿನಾಲ್ಕು ಸೆಂಟ್ಸ್ ಜಾಸ್ತಿ. ಹನ್ನೆರಡೂ ಶ್ರುತಿಗೆ ಒಂದೇ ಫ್ರೆಟ್‌ಬೋರ್ಡ್ ಒಗ್ಗಬೇಕು ಅಂದ್ರೆ ಈ ರಾಜಿ ಮಾಡ್ಕೊಳ್ಳಲೇಬೇಕು, ಕೇಪೋ ಹಾಕಿ ಆರಾಮಾಗಿ ಶ್ರುತಿ ಬದಲಾಯಿಸೋ ಸುಖ ಅದ್ರಿಂದಾನೇ ಬಂದಿದ್ದು.

ಡಿಸ್ಟಾರ್ಷನ್_ದೊರೆ
ನೋಡಿ ನೋಡಿ, ಪಾಪ ಹುಡುಗ ಕೇಪೋ ಎಲ್ಲಿ ಹಾಕ್ಲಿ ಅಂತ ಕೇಳಿದ್ದಕ್ಕೆ ಸೆಂಟ್ಸ್ ಲೆಕ್ಕ ಶುರು ಆಯ್ತು. ಇದಕ್ಕೇ ನಾನು ಥಿಯರಿ ಬೇಡ ಅಂದಿದ್ದು.

ಟೊರಾಂಟೊ_ತುಂಗಾ
ಸರಳೆವರಸೆ ಅವರ ಮಾತಿಗೆ ನಂದೊಂದು ಅನುಭವ ಸೇರಿಸ್ತೀನಿ. ಹೋದ ವರ್ಷ ಇಲ್ಲಿ ನಮ್ಮವರ ರಾಜ್ಯೋತ್ಸವ. ನನ್ನ ಮಗ ಹೈಸ್ಕೂಲು, ಗಿಟಾರ್ ಚೆನ್ನಾಗೇ ನುಡಿಸ್ತಾನೆ, ಸ್ಕೂಲ್ ಬ್ಯಾಂಡಲ್ಲಿ ಇದಾನೆ. ಒಬ್ರು ಆಂಟಿ ಸಿ ಶ್ರುತಿಗೆ ಒಂದು ದೇವರನಾಮ ಹಾಡಿದ್ರು, ಇವನು ಸಿ, ಎಫ್, ಜಿ ಹೊಡ್ಕೊಂಡು ಹೋದ. ಎಫ್ ಬಂದಾಗೆಲ್ಲ ಅನ್ನದಲ್ಲಿ ಕಲ್ಲು ಸಿಕ್ಕಂಗೆ. ಆಂಟಿ ಪಾಪ ನಗ್ತಾನೇ ಹಾಡಿದ್ರು. ಮನೆಗೆ ಬಂದ್ಮೇಲೆ ಅಮ್ಮಂಗೆ ಫೋನ್ ಮಾಡಿದ್ರೆ ಅವರು ಒಂದೇ ಮಾತಲ್ಲಿ "ಅದು ಕಲ್ಯಾಣಿ ಕಣೆ, ಪ್ರತಿಮಧ್ಯಮ" ಅಂದ್ರು. ಅಂದ್ರೆ ಅವರು ಹಾಡ್ತಿದ್ದ ಮಧ್ಯಮ ಎಫ್ ಶಾರ್ಪ್, ಇವನು ಕೆಳಗೆ ಎಫ್ ಇಟ್ಟು ಕುಟ್ತಿದಾನೆ. ಮಗ ಆಮೇಲೆ ತಾನೇ ಕೂತು ಹುಡುಕಿ, ಎಫ್ ಜಾಗಕ್ಕೆ ಡಿ ಮೇಜರ್ ಹಾಕಿದ್ರೆ ಸರಿಹೋಗುತ್ತೆ ಅಂತ ಕಂಡುಹಿಡಿದ, ಅದ್ರಲ್ಲಿ ಎಫ್ ಶಾರ್ಪ್ ಇದ್ಯಲ್ಲ. "ಲಿಡಿಯನ್ ಅಂತ ಮೊದ್ಲೇ ಹೇಳ್ಬಾರ್ದಿತ್ತಾ" ಅಂತ ನನ್ ಮೇಲೇ ರೇಗಿದ. ಅಜ್ಜಿ ಒಂದು ಭಾಷೇಲಿ, ಮೊಮ್ಮಗ ಒಂದು ಭಾಷೇಲಿ ಒಂದೇ ವಿಷಯ ಹೇಳ್ತಿದಾರೆ, ಮಧ್ಯೆ ನಾನು ಎರಡೂ ಬರದೆ ಫೋನ್ ಹಿಡ್ಕೊಂಡು ನಿಂತಿದೀನಿ.

ಸರಳೆವರಸೆ
ಎಷ್ಟು ಚೆನ್ನಾಗಿದೆ ಇದು! ಅಮ್ಮಂಗೆ ನನ್ನ ನಮಸ್ಕಾರ ಹೇಳಿ.

ಕೆರೆದಂಡೆ
ಈ ಎರಡು ಭಾಷೆ ವಿಷಯ ಹೊಸದೇನಲ್ಲ. ಮುತ್ತುಸ್ವಾಮಿ ದೀಕ್ಷಿತರು ಮದ್ರಾಸ್ ಕಡೆ ಬ್ರಿಟಿಷರ ಬ್ಯಾಂಡ್ ಟ್ಯೂನ್ ಕೇಳಿ ಅದಕ್ಕೆ ಸಂಸ್ಕೃತ ಸಾಹಿತ್ಯ ಹಾಕಿದ್ರಲ್ಲ, ನೊಟ್ಟುಸ್ವರ ಅಂತ, ಎಲ್ಲ ಶಂಕರಾಭರಣದ ಸ್ವರಗಳಲ್ಲೇ. ನಮ್ಮ ಮೈಸೂರಿಗೇ ಬಂದ್ರೆ ಜಯಚಾಮರಾಜ ಒಡೆಯರು ಪಿಯಾನೋ ನುಡಿಸ್ತಿದ್ರು, ರಷ್ಯಾದ ಮೆಟ್ನರ್ ಅನ್ನೋ ಸಂಗೀತಕಾರ ಲಂಡನ್ನಲ್ಲಿ ಕಷ್ಟದಲ್ಲಿದ್ದಾಗ 1940ರ ದಶಕದ ಕೊನೇಲಿ ಅವರ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟವರು ಇವರೇ. ಅದೇ ಮಹಾರಾಜರು 94 ಕೃತಿ ರಚಿಸಿದಾರೆ ಕರ್ನಾಟಕ ಸಂಗೀತದಲ್ಲಿ. ಅವರಿಗೆ ಯಾರೂ "ಥಿಯರಿ ಕಲಿತ್ರೆ ಫೀಲ್ ಹೋಗುತ್ತೆ ಮಹಾಸ್ವಾಮಿ" ಅಂತ ಹೇಳಿರ್ಲಿಲ್ಲ ಅನ್ಸುತ್ತೆ.

ಮೌನಿ
ಹೇಳಿದ್ರೆ ಗಡಿಪಾರು

ನೋವಿನಬೆರಳು
ಟಾಪಿಕ್ ಬಿಟ್ಟು ಕೇಳ್ತಿದೀನಿ ಬೇಜಾರ್ ಮಾಡ್ಕೋಬೇಡಿ, ಎರಡು ವಾರ ಆಯ್ತು ಶುರು ಮಾಡಿ, ಬೆರಳ ತುದಿ ಉರಿಯುತ್ತೆ, ಕೊಬ್ಬರಿ ಎಣ್ಣೆ ಹಚ್ಬಹುದಾ?

ಕಡಲತಡಿ
ಹಚ್ಚಬೇಡಿ, ಚರ್ಮ ಗಟ್ಟಿ ಆಗುದು ಬೇಕು, ಮೆತ್ತಗೆ ಅಲ್ಲ. ದಿನಾ ಇಪ್ಪತ್ತು ನಿಮಿಷ ಬಾರಿಸಿ ಬಿಡಿ, ತಿಂಗಳಲ್ಲಿ ಸರಿ ಆಗ್ತದೆ. ಎಣ್ಣೆ ತಂತಿಗೆ ಹತ್ತಿದ್ರೆ ತಂತಿಯೂ ಹಾಳು.

ಬಾಸ್_ಬಸ್ಯಾ
ನನ್ನ ಬಾಸ್ ತಂತಿ ಒಮ್ಮೆ ಹಿಡದು ನೋಡ್ರಿ, ಆಮ್ಯಾಲ ನಿಮ್ಮ ಗಿಟಾರ ಹೂವಿನಂಗ ಅನಸ್ತೈತಿ.

ಹೊಸಬ_ಹಾಸನ
ಗ್ರೇಡ್ ಪರೀಕ್ಷೆ ಕಟ್ಟಿದ್ರೆ ಥಿಯರಿ ತಾನಾಗೇ ಬರುತ್ತಾ? ಮಗಳನ್ನ ಕ್ಲಾಸಿಗೆ ಸೇರಿಸಿದೀನಿ, ವರ್ಷ ವರ್ಷ ಪರೀಕ್ಷೆ ಕಟ್ಟಿ ಅಂತಿದಾರೆ.

ಇಂಜಿನಿಯರ್_ಭಟ್ಟ
ಯಾವ ಪರೀಕ್ಷಾ ಬೋರ್ಡ್ ಅನ್ನೋದ್ರ ಮೇಲೆ ಹೋಗುತ್ತೆ. ಟ್ರಿನಿಟಿ, ಎಬಿಆರ್‌ಎಸ್‌ಎಂ ಎರಡರಲ್ಲೂ ಎಂಟು ಗ್ರೇಡ್ ಇದೆ. ಎಬಿಆರ್‌ಎಸ್‌ಎಂನಲ್ಲಿ ಆರನೇ ಗ್ರೇಡ್ ವಾದ್ಯ ಪರೀಕ್ಷೆಗೆ ಕೂರೋಕೆ ಮುಂಚೆ ಸಾಮಾನ್ಯವಾಗಿ ಐದನೇ ಗ್ರೇಡ್ ಥಿಯರಿ ಪಾಸ್ ಆಗಿರ್ಬೇಕು, ಟ್ರಿನಿಟಿಯಲ್ಲಿ ಆ ಕಡ್ಡಾಯ ಇಲ್ಲ. ಆದ್ರೆ ವರ್ಷಕ್ಕೆ ಮೂರು ಪೀಸ್ ಬಾಯಿಪಾಠ ಮಾಡಿ ಐದನೇ ಗ್ರೇಡ್ ಪಾಸಾಗಿ, ಹುಟ್ಟುಹಬ್ಬದ ಹಾಡಿಗೆ ಕಾರ್ಡ್ ಹಾಕು ಅಂದ್ರೆ ಕೈ ಕಟ್ಟಿ ಕೂರೋ ಮಕ್ಕಳನ್ನೂ ನೋಡಿದೀನಿ.

ಡಿಸ್ಟಾರ್ಷನ್_ದೊರೆ
ಅದನ್ನೇ ನಾನು ಮೊದಲಿಂದ ಬಾಯಿ ಬಡ್ಕೋತಿರೋದು! ಒಂದ್ ಮಾತು ಒಪ್ಕೋತೀನಿ, ನನಗೂ ಫ್ರೆಟ್‌ಬೋರ್ಡ್ ಮೇಲೆ ಸ್ವರಗಳ ಹೆಸರು ಗೊತ್ತು, ಪವರ್ ಕಾರ್ಡ್ ಅಂದ್ರೆ ಸ-ಪ ಅಂತ ಗೊತ್ತು, ಮೂರನೇ ಸ್ವರ ಇಲ್ಲದ್ದಕ್ಕೇ ಡಿಸ್ಟಾರ್ಷನ್‌ನಲ್ಲಿ ಕೊಳೆ ಆಗಲ್ಲ ಅಂತಾನೂ ಗೊತ್ತು. ಅದನ್ನ ಥಿಯರಿ ಅಂತ ಯಾವತ್ತೂ ಅಂದ್ಕೊಂಡಿರ್ಲಿಲ್ಲ. ಟ್ಯಾಬ್ (ಯಾವ ತಂತಿ, ಯಾವ ಮನೆ ಅಂತ ಬರೆದಿರೋದು) ನೋಡಿ ಕಲಿತವನು ನಾನು, ಟ್ಯಾಬ್‌ನ ಯಾರಾದ್ರೂ ಬೈದ್ರೆ ಮಾತ್ರ ಸುಮ್ನಿರಲ್ಲ.

ಕೆರೆದಂಡೆ
ಟ್ಯಾಬ್‌ನ ಯಾಕೆ ಬೈಯೋದು, 16ನೇ ಶತಮಾನದಲ್ಲೇ ಯುರೋಪಿನ ಲ್ಯೂಟ್ ಅನ್ನೋ ತಂತಿ ವಾದ್ಯದವರು ಟ್ಯಾಬ್‌ನಲ್ಲೇ ಬರ್ಕೋತಿದ್ರು. ಇಂಟರ್‌ನೆಟ್ ಹುಡುಗರು ಕಂಡುಹಿಡಿದಿದ್ದಲ್ಲ ಅದು.

ಡಿಸ್ಟಾರ್ಷನ್_ದೊರೆ
ಅಣ್ಣ ನೀವ್ ನನ್ ಪಾರ್ಟಿ ಇನ್ಮೇಲೆ 🤘

ಬಾಸ್_ಬಸ್ಯಾ
ಆರುತಂತಿ ತಮ್ಮಾ ಎಲ್ಲಿ ಹೋದ್ಯೋ? ಅಕ್ಕಾರ ಮತ್ತ ಹಾಡಾಕ ಕರದ್ರೋ ಇಲ್ಲೋ?

ಆರುತಂತಿ
(ಹದಿನೈದು ದಿನ ಬಿಟ್ಟು ಬರ್ತಿದೀನಿ, ಕ್ಷಮಿಸಿ.) ಕರೆದ್ರು! ಈ ಸಲ ಬುದ್ಧಿವಂತನಾಗಿ ಎರಡು ದಿನ ಮುಂಚೆನೇ ಅವರ ಮನೆಗೆ ಹೋಗಿ ಕೂತೆ. ನೋಡಿದ್ರೆ ಅಕ್ಕಂಗೆ ನೆಗಡಿ. "ಮೇಲೆ ಹೋಗೋಕಾಗಲ್ಲ, ಬಿಳಿ ನಾಲ್ಕು ಸಾಕು" ಅಂದ್ರು. ಎಫ್! ಎಲ್ಲಾ ಬಿಟ್ಟು ಎಫ್!

ಜಿ-ಗಿಂತ ಕೆಳಗೆ ಅಲ್ವಾ, ಕೇಪೋ ಕೆಳಗಡೆ ಹೋಗಲ್ಲ. ಬಸ್ಯಾ ಅಣ್ಣನ ನಂಬರ್ ಲೆಕ್ಕ ತಗೊಂಡು ಕೂತೆ, ಒಂದು-ಆರು-ನಾಲ್ಕು-ಐದು. ಡಿ ಶೇಪ್ ಇಟ್ಟು ಮೂರನೇ ಮನೇಲಿ ಕೇಪೋ, ಎಫ್ ಬಂತು, ಆದ್ರೆ ಆರನೇದು ಬಿ ಮೈನರ್, ಬಾರ್ ಕಾರ್ಡು. ಸಿ ಶೇಪ್, ಐದನೇ ಮನೆ, ನಾಲ್ಕನೇದು ಮತ್ತೆ ಅದೇ ಎಫ್ ಶೇಪ್, ಯಾರಿಂದ ಓಡಿಹೋಗ್ತಿದೀನೋ ಅವನೇ ಬಾಗಿಲಲ್ಲಿ ನಿಂತಂಗೆ. ಇ ಶೇಪ್ ಅಂದ್ರೆ ಸಿ ಶಾರ್ಪ್ ಮೈನರ್, ಮೇಲೆ ಬಿ ಬೇರೆ. ಎ ಶೇಪ್ ಅಂದ್ರೆ ಎಫ್ ಶಾರ್ಪ್ ಮೈನರ್, ಅದೂ ಎಂಟನೇ ಮನೇಲಿ. ಎಲ್ಲಾ ಬರೆದು ನೋಡಿದ್ಮೇಲೆ ಗೊತ್ತಾಯ್ತು, ಈ ನಾಲ್ಕು ಕಾರ್ಡೂ ಬಾರ್ ಇಲ್ಲದೆ ಸಿಗೋದು ಜಿ ಶೇಪಲ್ಲಿ ಮಾತ್ರ. ನನ್ನ ಯೂಟ್ಯೂಬ್ ಮೇಷ್ಟ್ರು ಎಲ್ಲಾ ಹಾಡೂ ಜಿ-ಲೇ ಯಾಕೆ ಹೇಳ್ಕೊಡ್ತಿದ್ರು ಅಂತ ಆವಾಗ ಹೊಳೀತು. ಕೊನೆಗೆ ಆರೂ ತಂತಿ ಎರಡೆರಡು ಮನೆ ಇಳಿಸಿ ಟ್ಯೂನ್ ಮಾಡ್ಕೊಂಡು ಜಿ ಶೇಪಲ್ಲೇ ನುಡಿಸಿದೆ. ತಂತಿ ಸಡಿಲ ಆಗಿ ಸ್ವಲ್ಪ ಝರ್ರ್ ಅಂತಿತ್ತು, ಆದ್ರೆ ಶ್ರುತಿ ಸೇರ್ತು. ಹಾರ್ಮೋನಿಯಂ ತಾತ ತಿರುಗಿ ನೋಡಿ ಹುಬ್ಬು ಹಾರಿಸಿದ್ರು.

ಸರಳೆವರಸೆ
ಶಭಾಷ್!! ಆ ಹುಬ್ಬು ಹಾರಿಸೋದಿದ್ಯಲ್ಲ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವ ಬೋರ್ಡೂ ಕೊಡಲ್ಲ.

ಡಿಸ್ಟಾರ್ಷನ್_ದೊರೆ
ಇಷ್ಟೆಲ್ಲ ಲೆಕ್ಕ ಹಾಕೋ ಎರಡು ದಿನದಲ್ಲಿ ಬಾರ್ ಕಾರ್ಡೇ ಕಲೀಬಹುದಿತ್ತು.

ಆರುತಂತಿ
ದೊರೆಗಳೇ, ಮೂರು ವರ್ಷದಿಂದ ಕಲೀತಾನೇ ಇದೀನಿ 😭

ಆದ್ರೆ ಕಥೆ ಅಲ್ಲಿಗೆ ಮುಗೀಲಿಲ್ಲ. ಮೊದಲನೇ ಹಾಡು ಆದ್ಮೇಲೆ ಯಾರೋ ಅಕ್ಕಂಗೆ ಬಿಸಿ ಬಿಸಿ ಶುಂಠಿ ಕಷಾಯ ಕೊಟ್ರು. ಎರಡು ಗುಟುಕು ಕುಡಿದು "ಗಂಟಲು ಬಿಡ್ತು ಕಣೋ, ಮುಂದಿಂದು ನಂದೇ ಶ್ರುತಿ, ಕಪ್ಪು ನಾಲ್ಕು" ಅಂದ್ರು.

ಬಾಸ್_ಬಸ್ಯಾ
ಇಳಿಸಿದ ಗಿಟಾರು ಎಫ್-ನ್ಯಾಗ ಐತಿ, ಆಕಿಗೆ ಜಿ ಶಾರ್ಪ್ ಬೇಕು. ಎಷ್ಟನೇ ಮನಿಗೆ ಕೇಪೋ ಹಾಕಿದಿ? ತಪ್ಪ ಹೇಳಿದ್ರ ಹುಬ್ಬಳ್ಳಿಗೆ ಬರಬ್ಯಾಡ.

ಆರುತಂತಿ
ಮೂರನೇ ಮನೆ ಅಣ್ಣ. ಎಫ್, ಎಫ್ ಶಾರ್ಪ್, ಜಿ, ಜಿ ಶಾರ್ಪ್ ಅಂತ ಬೆರಳು ಮಡಚಿ ಎಣಿಸಿದೆ, ಎಲ್ರ ಮುಂದೇನೇ. ತಬಲಾದವರು ಅಷ್ಟರಲ್ಲಿ ಎರಡು ಆವರ್ತ ಜಾಸ್ತಿ ನುಡಿಸಿ ಕಾದ್ರು.

ಮೌನಿ
ಈ ವಿಡಿಯೋ ಆದ್ರೂ ಹಾಕಿ